ಲೈನ್‌ಮ್ಯಾನ್ ಮಾವ ಮತ್ತು ಐದು ತೂತಿನ ಡಬ್ಬ

೧.
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮೋಡೆಮ್‌ನಿಂದಲೇ? "ಹೊರಗಿನ ಇಂಟರ್‌ನೆಟ್ಟನ್ನು ಮನೆಯೊಳಕ್ಕೆ ತರುವುದು ಮೋಡೆಮ್, ಅದನ್ನು ಹಂಚುವುದು ರೌಟರ್, ರೌಟರಿನ ತೂತುಗಳು ಸಾಲದಿದ್ದರೆ ಸ್ವಿಚ್" ಎಂದು ಶುರುವಾಗಿದ್ದ ಮೊದಲ ಡ್ರಾಫ್ಟು ಓದಿ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. (ಆದರೂ ನೀವು ಓದಿಬಿಟ್ಟಿರಿ. ಒಳ್ಳೆಯದೇ ಆಯಿತು, ಮುಂದೆ ಬೇಕಾಗುತ್ತದೆ.)

೨.
ಸರಿ, ಮಾವನಿಂದ ಶುರು ಮಾಡೋಣ. ಮೂವತ್ತೊಂದು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದ ಲೈನ್‌ಮ್ಯಾನ್, ಈಗ ನಿವೃತ್ತ. ಅವರ ಸೊಸೆಗೆ ಇಂದು ಬೆಳಗ್ಗೆ ಹನ್ನೊಂದಕ್ಕೆ ವಿಡಿಯೋ ಕಾಲಿನಲ್ಲಿ ಇಂಟರ್‌ವ್ಯೂ. ಮಗು ಹುಟ್ಟಿದ ಮೇಲೆ ಆರು ವರ್ಷ ಮನೆಯಲ್ಲೇ ಇದ್ದವಳು. ಇದೂ ಕೈತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲವೆಂಬ ಭಯ. ವೈಫೈ ಅವಳ ಕೋಣೆ ತಲುಪುವುದಿಲ್ಲ.

"ನಾನಿರೋವಾಗ ನಿನಗ್ಯಾಕಮ್ಮ ಚಿಂತೆ? ಊರಿಗೆಲ್ಲ ತಂತಿ ಎಳೆದೋನಿಗೆ ಒಂದು ರೂಮು ಯಾವ ಲೆಕ್ಕ?" ಎಂದರು ಮಾವ.

ಎಳೆದರು. ರೌಟರಿನ ತೂತು ಸಾಲದೆ ಅದರ ಪಕ್ಕ ಐದು ತೂತಿನ ಸ್ವಿಚ್ ಡಬ್ಬವೊಂದನ್ನು ಕೂರಿಸಿ, ಅಲ್ಲಿಂದ ಗೋಡೆಗುಂಟ ಕ್ಲಿಪ್ಪು ಹೊಡೆದು, ನೂಲು ಹಿಡಿದ ಹಾಗೆ ನೇರ. ಹತ್ತೂವರೆಗೆ ಸೊಸೆಯ ಲ್ಯಾಪ್‌ಟಾಪಿಗೆ ನೆಟ್ ಬಂತು. ಬರೆಯುವವನಿಗೆ ಬುದ್ಧಿ ಇದ್ದಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು.

೩.
ಸ್ವಿಚ್ಚಿಗೆ ಸಿಕ್ಕಿಸಿದ್ದ ಇನ್ನೊಂದು ಕೇಬಲ್ಲಿನ ಆಚೆ ತುದಿ ಸುಮ್ಮನೆ ನೇತಾಡುತ್ತಿತ್ತು. ತಂತಿ ಬಾಯಿ ಬಿಟ್ಟುಕೊಂಡಿದ್ದರೆ ಲೈನ್‌ಮ್ಯಾನಿಗೆ ಮೈಯೆಲ್ಲ ಮುಳ್ಳು. ಅದೇ ಸ್ವಿಚ್ಚಿನಲ್ಲಿ ಒಂದು ತೂತು ಖಾಲಿ ಇತ್ತು. ಟಕ್ಕೆಂದು ಸಿಕ್ಕಿಸಿ ಕೈ ಝಾಡಿಸಿಕೊಂಡರು. ಈಗ ಕೇಬಲ್ಲಿನ ಎರಡು ತುದಿಯೂ ಒಂದೇ ಡಬ್ಬದಲ್ಲಿ! ಡಬ್ಬದ ಮಾತೆಲ್ಲ ಹೊರಗೆ ಹೋಗದೆ ಅಲ್ಲೇ ಗಿರಗಿರ ಸುತ್ತತೊಡಗಿತು. ದೀಪಗಳು ಹುಚ್ಚೆದ್ದು ಮಿನುಗಿದವು.

"ಆಹಾ, ಎಷ್ಟು ಜೋರಾಗಿ ಕೆಲಸ ಮಾಡ್ತಿದೆ ನೋಡು!" ಎಂದು ಮಾವ ಹಿಗ್ಗಿದರು.

"ಮಾವಾ, ನೆಟ್ಟೇ ಹೋಯ್ತು!" ಸೊಸೆ ಕೂಗಿದಳು. ಹನ್ನೊಂದಕ್ಕೆ ಐದು ನಿಮಿಷ.

"ಕಂಪನಿಯೋರ ತಪ್ಪು. ನನ್ನ ಲೈನಲ್ಲಿ ಏನೂ ಇಲ್ಲ."

೪.
ಇಲ್ಲಿ ಮಾವ ನನ್ನ ಮೇಲೆ ತಿರುಗಿಬಿದ್ದರು. "ಏನ್ರೀ, ನನ್ನನ್ನ ಕೋಡಂಗಿ ಮಾಡೋಕೆ ಕಥೆ ಬರೀತಿದ್ದೀರಾ?"

"ಕೊನೆಗೆ ಸಿಕ್ಕಿಸಿದ ಆ ತುದಿ ಕಿತ್ತುಬಿಡಿ ಸ್ವಾಮಿ," ಎಂದೆ.

ಗೊಣಗುತ್ತಲೇ ಕಿತ್ತರು. ಹನ್ನೊಂದು ದಾಟಿ ಏಳು ನಿಮಿಷಕ್ಕೆ ನೆಟ್ ಬಂತು. ಕೋಣೆಯಿಂದ ಸೊಸೆಯ ದನಿ ಕೇಳಿಸಿತು: "ಸಾರಿ ಮೇಡಂ, ತಪ್ಪು ನಂದೇ. ಮೊದಲೇ ಚೆಕ್ ಮಾಡ್ಕೋಬೇಕಿತ್ತು..."

ಮಾವನ ಮುಖ ಇಷ್ಟೇ ಇಷ್ಟಾಯಿತು.

೫.
ಮುಕ್ತಾಯ ಒಂದು: ಕೆಲಸ ಸಿಕ್ಕಿತು, ಎಲ್ಲರೂ ನಕ್ಕರು. (ಧಾರಾವಾಹಿಗೆ ಆದೀತು.) ಮುಕ್ತಾಯ ಎರಡು: ಸಿಗಲಿಲ್ಲ, ಮಾವ ನಿಜವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಕೊರಗಿದರು. (ಸ್ಪರ್ಧೆಗೆ ಕಳಿಸಬಹುದು.)

ಮಾವ ಎರಡಕ್ಕೂ ಕ್ಯಾರೆ ಅನ್ನಲಿಲ್ಲ. ಬನಿಯನ್ನಿನಲ್ಲೇ ಬಾಗಿಲು ತಳ್ಳಿ ಕ್ಯಾಮೆರಾದ ಎದುರು ನಿಂತರು. "ತಪ್ಪು ಇವಳದ್ದಲ್ಲಮ್ಮಾ. ವೈರು ಎಡವಟ್ಟು ಮಾಡಿದ್ದು ನಾನು. ಇವಳನ್ನ ಮೊದಲಿಂದ ಕೇಳಿ." ಮದುವೆಯಾದ ಈ ಎಂಟು ವರ್ಷದಲ್ಲಿ ಮಾವ ಒಂದೇ ಒಂದು ತಪ್ಪು ಒಪ್ಪಿಕೊಂಡಿದ್ದನ್ನೂ ಸೊಸೆ ಕಂಡಿರಲಿಲ್ಲ. ಅವಳ ಕಣ್ಣು ತುಂಬಿತು.

ಹೊರಬಂದ ಮಾವ ಬಾಗಿಲೆಳೆದುಕೊಂಡು ಅದಕ್ಕೇ ಬೆನ್ನು ಕೊಟ್ಟು ನಿಂತಿದ್ದಾರೆ.

"ಸ್ವಲ್ಪ ಜರುಗಿ. ಕೆಲಸ ಸಿಕ್ತೋ ಇಲ್ವೋ ಬರೀಬೇಕು, ಓದುಗರು ಕಾಯ್ತಿದ್ದಾರೆ," ಎಂದೆ.

"ಕಾಯ್ಲಿ ಬಿಡ್ರೀ. ಒಳಗೆ ನನ್ನ ಸೊಸೆ ಮಾತಾಡ್ತಿದ್ದಾಳೆ. ಅವರಿಗೂ ಹೇಳಿ, ಸದ್ದು ಮಾಡಬಾರದು."