ಹೊಲಿಗೆ ಬಿಟ್ಟ ಬಚ್ಚಲು

ಮೇಲಿನ ಬಚ್ಚಲಲ್ಲಿ ಯಾರು ನಾಲ್ಕು ಚೊಂಬು ನೀರು ಹುಯ್ದುಕೊಂಡರೂ ಕೆಳಗೆ ಶಾಂತಲಾಳ ಹೊಲಿಗೆ ಅಂಗಡಿಯಲ್ಲಿ ತೊಟ್ಟಿಕ್ಕುತ್ತಿತ್ತು. ಅದೂ ಎಲ್ಲಿ? ಸರಿಯಾಗಿ ಮಿಷನ್ ಮೇಲೆ! 2004ರ ವೈಶಾಖ. ಗುಬ್ಬಿಯ ತುಂಬ ಮದುವೆಗಳು, ಕಪಾಟಿನ ತುಂಬ ಹೊಲಿಯಬೇಕಾದ ರವಿಕೆಗಳು.

ಸೋಮವಾರ ಬಂದ ಗಾರೆ ಮೇಸ್ತ್ರಿ ಬೀರಯ್ಯ ಬಚ್ಚಲಿಗೆ ಒಂದು ಸುತ್ತು ಹಾಕಿ, "ಅಷ್ಟೂ ಟೈಲ್ಸ್ ಒಡೀಬೇಕು ಕಣಮ್ಮ. ಹದಿನೈದು ದಿನ ಅಂಗ್ಡಿ ಬಾಗ್ಲಾಕ್ಬುಡು" ಎಂದ.

"ಮದುಮಗಳು ರವಿಕೆ ಇಲ್ದೆ ಹಸೆಮಣೆ ಮೇಲೆ ಕೂತ್ಕೊತಾಳಾ ಬೀರಣ್ಣ?"

"ಅದು ನಂಗೊತ್ತಿಲ್ಲ. ಮುಂದಿನ ಸೋಮವಾರ ಸುತ್ತಿಗೆ ತತ್ತೀನಿ."

ಅವನು ಹೋದದ್ದೇ ಶಾಂತಲಾ ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕೂತಳು. ಟಾರ್ಚ್ ಹಿಡಿದು ನಿಂತವಳು ಅಕ್ಕನ ಮಗಳು ಮಾನಸಾ. ಇಲ್ಲೇ ಇದ್ದುಕೊಂಡು ತುಮಕೂರಿನ ಕಾಲೇಜಿಗೆ ಬಸ್ಸಲ್ಲಿ ಹೋಗಿ ಬರುವ ಹುಡುಗಿ. ಶಾಂತಲಾ ಒಂದೊಂದೇ ಟೈಲ್ಸನ್ನು ಬೆರಳಲ್ಲಿ ಬಡಿದಳು. ಎಲ್ಲವೂ ಗಟ್ಟಿ. ಸಂದಿನಲ್ಲಿ ಉಗುರು ಆಡಿಸಿದರೆ ಮಾತ್ರ ಕಪ್ಪು ಪುಡಿ ಉದುರಿತು.

"ನೋಡೇ, ಬಟ್ಟೆ ಚೆನ್ನಾಗೈತೆ. ಹೊಲಿಗೆ ಬಿಟ್ಟೈತೆ ಅಷ್ಟೆ."

ಸಂಜೆಯೇ ವೈಟ್ ಸಿಮೆಂಟ್ ಕಲಸಿ ಸಂದಿಗೆಲ್ಲ ಮೆತ್ತಿದಳು. ಬುಧವಾರದ ಹೊತ್ತಿಗೆ ಅದು ಹಪ್ಪಳದ ಹಾಗೆ ಎದ್ದು ಬಂತು. ಮಾನಸಾಗೆ ನಗು ತಡೆಯಲಾಗಲಿಲ್ಲ. "ಚಿಕ್ಕಮ್ಮ, ನಿನ್ ತೇಪೆ ಕಿತ್ಕೊಂಡ್ ಬಂತು!"

ಶಾಂತಲಾ ಹಣೆ ಚಚ್ಚಿಕೊಂಡಳು. "ಥೂ, ಹಳೇ ದಾರ ಬಿಚ್ದೆ ಮೇಲೇ ಹೊಲ್ದುಬಿಟ್ಟೆ ಕಣೇ! ಹೊಲಿಗೆ ಕಲಿಯೋ ಹುಡ್ಗೀರು ಹಿಂಗ್ ಮಾಡಿದ್ರೆ ಕೈ ಮೇಲೆ ಬಾರಿಸ್ತೀನಿ ನಾನು."

ಮುರಿದ ಗರಗಸದ ಬ್ಲೇಡೊಂದಕ್ಕೆ ಬಟ್ಟೆ ಸುತ್ತಿ ಹಿಡಿದು ಸಂದಿನ ಹಳೇ ಸಿಮೆಂಟನ್ನು ಬಿಚ್ಚತೊಡಗಿದಳು ನೋಡಿ, ಅಬ್ಬಾ! ಟೈಲ್ಸಿನ ಅಂಚಿಗೆ ಒಂದು ಗೀರು ಬೀಳಲಿಲ್ಲ. ಮಾನಸಾ ಒಂದು ಸಂದಿನಲ್ಲಿ ಬ್ಲೇಡ್ ಎಳೆದು ಟೈಲ್ಸಿನ ಮೂಲೆಯನ್ನೇ ಹಾರಿಸಿದಳು. "ಎಳೀಬೇಡ್ವೇ, ಬಿಚ್ಚು" ಎಂದಳು ಚಿಕ್ಕಮ್ಮ. ಗುರುವಾರ ಸಂಜೆಗೆ ಸಂದುಗಳೆಲ್ಲ ಬರಿದಾದವು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದು, ನೀರು ಸವರಿ, ಹೊಸ ಸಿಮೆಂಟನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ತುಂಬಿದಳು. ಗೆರೆಗಳು ನೇರ ಅಂದರೆ ನೇರ. ಮಾನಸಾ ಬಾಯಿ ಬಿಟ್ಟುಕೊಂಡು ನೋಡಿದಳು.

ಆಮೇಲೆ ಮೂರು ದಿನ ನೀರು ಚಿಮುಕಿಸುವ ಆರೈಕೆ. ಸ್ನಾನ ಪಕ್ಕದ ಹನುಮಂತಮ್ಮನ ಮನೆಯಲ್ಲಿ. "ಏನ್ರೇ, ನಿಮ್ಮನೇಲಿ ಬಚ್ಚಲಿಗೆ ಬಾಣಂತನಾನಾ?" ಎಂದು ಆಕೆ ದಿನವೂ ಕಿಚಾಯಿಸಿದಳು.

ಸೋಮವಾರ ಬೀರಯ್ಯ ಸುತ್ತಿಗೆಯೊಂದಿಗೆ ಹಾಜರಾದ. ಶಾಂತಲಾ ಬಚ್ಚಲ ನೀರು ಹೋಗುವ ಕಂಡಿಗೆ ಬಟ್ಟೆ ತುರುಕಿ, ಕಣಕಾಲು ಮುಳುಗುವಷ್ಟು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿ ಕದಡಿದಳು. ಕೆಳಗೆ ಮಿಷನ್ ಮೇಲೆ ಬಿಳಿ ಪಂಚೆ ಹಾಸಿದಳು.

"ಒಂದ್ ಹನಿ ನೀಲಿ ಬಿದ್ರೂ ಒಡ್ದಾಕಣ್ಣ. ಅಂಗ್ಡಿ ಮುಚ್ತೀನಿ."

ಮೂವರೂ ಚಾವಣಿ ನೋಡುತ್ತ ಕೂತರು. ಅರ್ಧ ಗಂಟೆ. ಒಂದು ಗಂಟೆ. ಮಾನಸಾಳ ಕತ್ತು ಹಿಡಿದುಕೊಂಡಿತು. ಎರಡು ಗಂಟೆಯಾದರೂ ಪಂಚೆ ಬೆಳ್ಳಗೇ ಇತ್ತು.

ಬೀರಯ್ಯ ಮೇಲೆ ಹೋಗಿ ನೀರು ಬಿಟ್ಟು, ಗೆರೆಯುದ್ದಕ್ಕೂ ಉಗುರು ಎಳೆದ. ಪುಡಿ ಉದುರಲಿಲ್ಲ.

"ಏನಾಕ್ದೆ ತಾಯಿ ಇದ್ಕೆ?"

"ನೀನ್ ಹಾಕೋದ್ನೇ ಕಣಣ್ಣ. ಹಾಕೋಕ್ ಮುಂಚೆ ಹಳೇದೆಲ್ಲ ತೆಗ್ದೆ."

ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಅವಳೆದುರು ಕುಕ್ಕರಿಸಿದ.

"ಆ ಬ್ಲೇಡ್ ಹೆಂಗ್ ಹಿಡ್ದೆ? ಒಂದ್ಸಲ ತೋರ್ಸವ್ವ."