ಪಾಲಿಶ್ ವಾಸನೆ

"ಅಯ್ಯೋ, ಇದು ನಿಮ್ಮ ಮಾವನ ವಾಸನೆ ಕಣೇ!"

ಮೊದಲ ಗುಟುಕಿಗೇ ಅತ್ತೆಯ ಮುಖ ಅರಳಿತು. ಲೋಟವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡರು. ಸೊಸೆಗೆ ನಗು ಬಂತು. ಕನ್ನಡಕದ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವಳು ಅವಳಿಗೊಂದು ಚಹಾ ಪೆಟ್ಟಿಗೆ ಕೊಟ್ಟಿದ್ದಳು. ವಾರದಿಂದ ಸಂಜೆ ನಾಲ್ಕಕ್ಕೆ ಅತ್ತೆ ಸೊಸೆ ಅಡುಗೆಮನೆಯ ಮೇಜಿಗೆ ಕೂತು, ದಿನಕ್ಕೊಂದು ಪೊಟ್ಟಣ ಒಡೆದು ಚಪ್ಪರಿಸುತ್ತಿದ್ದರು. ಕಿತ್ತಳೆಯದು ಮುಗಿದಿತ್ತು, ಕಾಫಿಯದು ಮುಗಿದಿತ್ತು. ಎಲ್ಲವೂ ಒಂದೊಂದು ಬಗೆಯ ಮದ್ಯದ ಘಮ ಹಾಕಿದ ಚಹಾ. ಅಮಲು ಒಂದು ಹನಿಯೂ ಇಲ್ಲ, ಬರೀ ಘಮ. ಇದನ್ನೆಲ್ಲ ಸೊಸೆ ಓದಿಕೊಂಡಿದ್ದಳು, ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಅತ್ತೆ ಪೆಟ್ಟಿಗೆಯ ಜೊತೆ ಅವಳನ್ನೂ ಆಚೆ ಹಾಕುತ್ತಿದ್ದರು. ಹೆಂಡ ಎಂಬ ಮಾತು ಕಿವಿಗೆ ಬಿದ್ದರೆ ಬಾಯಿ ತೊಳೆದುಕೊಳ್ಳುವ ಜೀವ ಅದು.

"ಮಾವಂದಾ? ಯಾವ ವಾಸನೆ ಅತ್ತೆ?"

"ಪಾಲಿಶ್ ವಾಸನೆ. ಮರಕ್ಕೆ ಹಚ್ಚೋಕೆ ಅರಗನ್ನ ಸ್ಪಿರಿಟ್‌ನಲ್ಲಿ ಕರಗಿಸ್ತಿದ್ರಲ್ಲ. ದಿನಾ ಕೆಲಸದಿಂದ ಬಂದಾಗ ಇದೇ ಘಮ. ಎಷ್ಟು ತೊಳೆದ್ರೂ ಹೋಗಲ್ಲ ಅನ್ನೋರು. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದೀನಿ, ನಂಗೆ ಗೊತ್ತಾಗಲ್ವಾ?"

ಸೊಸೆಯ ನಗು ಅಲ್ಲೇ ನಿಂತಿತು. ಇವತ್ತಿನದು ರಮ್. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿತ್ತು. ಮೆಲ್ಲಗೆ ಅದನ್ನು ಮುಷ್ಟಿಯೊಳಗೆ ಮುದುರಿಕೊಂಡಳು.

"ಏನದು ಮುಚ್ಚಿಡ್ತಿರೋದು? ಕೊಡಿಲ್ಲಿ."

ಅತ್ತೆ ಓದಿದರು. ಇನ್ನೊಮ್ಮೆ ಓದಿದರು. ಮತ್ತೆ ಲೋಟ ಮೂಸಿದರು.

"ಪಾಲಿಶ್‌ಗೆ ಹೀಗೆ ಸುಟ್ಟ ಸಕ್ಕರೆ ಘಮ ಇರಲ್ವೇನೇ?"

"ಇರಲ್ಲ ಅತ್ತೆ."

ಅತ್ತೆ ಲೋಟ ಕೆಳಗಿಟ್ಟರು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಮೇಲೆ ಸಿಟ್ಟು ಬರುವ ಮೊದಲೇ ನೆನಪಿಗೆ ಬಂದದ್ದು ಕೆಲಸದ ಚೀಲ. ಗಂಡ, ಕಿರಿಮಗ ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಶ್ ಹೊಡೆಯುತ್ತಿದ್ದರು, ಇಬ್ಬರಿಗೂ ಅದೊಂದೇ ಚೀಲ. ಹನ್ನೊಂದು ವರ್ಷದ ಹಿಂದೆ ಅದರಲ್ಲಿ ಸೀಲು ಒಡೆಯದ ಬಾಟಲಿ ಸಿಕ್ಕಾಗ ಅತ್ತೆ ಹಿಡಿದುಕೊಂಡದ್ದು ಮಗನನ್ನು. "ನಿಮ್ಮಪ್ಪ ಒಂದು ತೊಟ್ಟು ಮುಟ್ಟಿದವರಲ್ಲ, ನಿನಗೆಲ್ಲಿಂದ ಬಂತೋ ಈ ಬುದ್ಧಿ? ನಡಿ ಆಚೆ!" ಮಗ ಅಪ್ಪನ ಮುಖ ನೋಡಿದ್ದ. ಅಪ್ಪ ಬಗ್ಗಿ ಚಪ್ಪಲಿ ಬಿಚ್ಚುತ್ತಲೇ ಇದ್ದರು. ಮಗ ತುಟಿ ಪಿಟಕ್ಕೆನ್ನದೆ ಬಟ್ಟೆ ತುಂಬಿಕೊಂಡು ಹೊರಟುಹೋದ. ಅಪ್ಪ ಸತ್ತಾಗಲೂ ಅತ್ತೆ ಅವನನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

"ನಿನ್ನ ಹತ್ರ ಅವನ ನಂಬರ್ ಇದೆ," ಎಂದರು. "ಕದ್ದು ಮಾತಾಡ್ತೀಯ ಅಂತ ನಂಗೊತ್ತು. ಫೋನ್ ಮಾಡಿ ಕೊಡು."

ಸೊಸೆ ಮಾಡಿ ಕೊಟ್ಟಳು. ಆ ಕಡೆ ಉಪ್ಪುಕಾಗದ ಮರವನ್ನು ಉಜ್ಜುವ ಸದ್ದು.

"ಹೇಳಿ ಅತ್ತಿಗೆ."

"ಅತ್ತಿಗೆ ಅಲ್ಲ ಕಣೋ. ನಾನು."

ಉಜ್ಜುವ ಸದ್ದು ನಿಂತಿತು.

"ಆ ಬಾಟ್ಲಿ ಯಾರದೋ ಮಗಾ?"

"ನಂದೇ ಅಮ್ಮ," ಎಂದ. ಆಮೇಲೆ ಅವಸರದಲ್ಲಿ, "ಅಪ್ಪಂದಲ್ಲ," ಎಂದು ಸೇರಿಸಿದ.

ಅಪ್ಪನ ಮಾತನ್ನು ಅತ್ತೆ ಎತ್ತಿಯೇ ಇರಲಿಲ್ಲ. ಮೇಜಿನ ಅಂಚು ಹಿಡಿದು ಹಾಗೇ ಕೂತರು, ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅವನೂ ಇಡಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಡೆ ಉಪ್ಪುಕಾಗದ ಮತ್ತೆ ಉಜ್ಜತೊಡಗಿತು, ಮೆಲ್ಲಗೆ, ಒಂದೇ ಜಾಗದಲ್ಲಿ.