ಚೌತಿಯ ಮರುದಿನ ಪದವಿನಲ್ಲಿ

ವಾರಿಜಾಕ್ಷಿ ತೀರಿಕೊಂಡ ತಿಂಗಳಲ್ಲಿ ಅವಳ ಶಿಷ್ಯರು ಮಣಿಪಾಲದಲ್ಲಿ ಒಂದು ಸ್ಮರಣೆಯ ಸಭೆ ಮಾಡಿದರು. ಅವಳು ಕಂಡುಹಿಡಿದ ಹೂವನ್ನು ಪರದೆಯ ಮೇಲೆ ಕಮಲದಷ್ಟು ದೊಡ್ಡದಾಗಿ ತೋರಿಸಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಗಂಡ ಅನಂತೇಶ ಭಟ್ಟರಿಗೆ ಅದರ ಗುರುತೇ ಹತ್ತಲಿಲ್ಲ. ಸಾಸಿವೆಯಷ್ಟು ಎಂದು ಅವಳು ಬೆರಳ ತುದಿ ತೋರಿಸಿ ಹೇಳುತ್ತಿದ್ದ ಹೂವು ಅದಾಗಿರಲಿಲ್ಲ. ಅದನ್ನು ಅದು ಇರುವಷ್ಟೇ ಗಾತ್ರದಲ್ಲಿ, ಅದು ಇರುವಲ್ಲಿಯೇ ಒಮ್ಮೆ ನೋಡಬೇಕೆಂಬ ಆಸೆ ಅಂದೇ ಅವರೊಳಗೆ ಹೊಕ್ಕಿತು.

ಭಟ್ಟರು ಉಡುಪಿಯ ಒಂದು ದೇವಸ್ಥಾನದಲ್ಲಿ ನಲವತ್ತು ವರ್ಷ ಪೂಜೆ ಮಾಡಿದವರು. ವಾರಿಜಾಕ್ಷಿ ಕಾಪುವಿನ ಮಾಸ್ಟ್ರ ಮಗಳು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು. ಬಜಗೋಳಿಯ ಆಚೆ, ಕೆಂಪುಕಲ್ಲು ಬಿಟ್ಟರೆ ಬೇರೇನೂ ಇಲ್ಲವೆಂದು ಜನ ತಿಳಿದಿದ್ದ ಗುಡ್ಡದ ಮೇಲಿನ ಬಯಲಿನಲ್ಲಿ, ಆ ಪದವಿನಲ್ಲಿ, ಯಾವ ಗ್ರಂಥದಲ್ಲೂ ಇಲ್ಲದ ಒಂದು ಗಿಡವನ್ನು ಅವಳು ಗುರುತಿಸಿದಳು. ಅದರ ಶಾಸ್ತ್ರೀಯ ಹೆಸರು ಬರೆಯುವಲ್ಲೆಲ್ಲ ಕೊನೆಗೆ ಅವಳ ಹೆಸರನ್ನೂ ಸೇರಿಸುವುದು ಕ್ರಮ. "ನಿನ್ನ ಗಿಡಕ್ಕೂ ಗೋತ್ರ ಸಿಕ್ಕಿತು" ಎಂದು ಭಟ್ಟರು ನಗುತ್ತಿದ್ದರು. "ಬನ್ನಿ ಒಮ್ಮೆ, ತೋರಿಸುತ್ತೇನೆ" ಎಂದು ಅವಳು ವರ್ಷವೂ ಕರೆಯುತ್ತಿದ್ದಳು. ದೇವರ ಪೂಜೆ ಬಿಟ್ಟು ಹೋಗುವುದು ಹೇಗೆ? ನಿವೃತ್ತಿಯಾದ ಮೇಲೆ ಎಂದುಕೊಂಡರು. ನಿವೃತ್ತಿಯಾಗುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು.

ಈಗ ಅವರ ಕಣ್ಣೂ ಸೋಲುತ್ತಿತ್ತು. ನೋಟ ಸುತ್ತಲಿಂದ ಒಳಕ್ಕೆ ಮುಚ್ಚುತ್ತಾ ಬರುತ್ತಿದೆ, ಬರುವ ಮಳೆಗಾಲಕ್ಕೆ ಎಷ್ಟು ಉಳಿಯುತ್ತದೋ ಹೇಳಲಾಗದು ಎಂದಿದ್ದರು ವೈದ್ಯರು. ಆದ್ದರಿಂದ ಈ ವರ್ಷವೇ ಆಗಬೇಕು. ದಿನದ ಬಗ್ಗೆ ಭಟ್ಟರಿಗೆ ಸಂಶಯವಿರಲಿಲ್ಲ. ಚೌತಿಯ ಮರುದಿನ, ಹಿಂದಿನ ದಿನದ ಪಂಚಕಜ್ಜಾಯವನ್ನು ಸ್ಟೀಲಿನ ಡಬ್ಬಿಗೆ ತುಂಬಿಸಿಕೊಂಡು ವಾರಿಜಾಕ್ಷಿ ಹೊರಡುತ್ತಿದ್ದದ್ದು ಅವರ ಕಣ್ಣಿಗೆ ಕಟ್ಟಿದ ಹಾಗಿತ್ತು.

ಅಂದು ಬೆಳಿಗ್ಗೆ ಉಮಾನಾಥನ ಬಾಡಿಗೆ ಕಾರು ಬಂತು.

"ಎಂತ ಭಟ್ರೆ, ಬಜಗೋಳಿ ಪದವಿಗಾ? ಅಲ್ಲಿ ದೇವಸ್ಥಾನ ಇಲ್ಲ, ಊಟವೂ ಇಲ್ಲ. ಭಟ್ರು ಹೋಗುವ ಜಾಗ ಅಲ್ವಲ್ಲ ಅದು!"

"ಗಾಡಿ ಬಿಡು ಮಾರಾಯ. ಊಟ ಕಾರ್ಕಳದಲ್ಲಿ ನಿನಗೆ ನಾನೇ ಹಾಕಿಸುತ್ತೇನೆ."

ಮಣಿಪಾಲದಲ್ಲಿ ಗಾನವಿ ಹತ್ತಿದಳು. ವಾರಿಜಾಕ್ಷಿಯ ಕೊನೆಯ ಶಿಷ್ಯೆ, ಈಗ ತಾನೂ ಕಾಲೇಜಿನಲ್ಲಿ ಪಾಠ ಹೇಳುವವಳು. ಹಿರಿಯಡ್ಕ ದಾಟುವವರೆಗೂ ಭಟ್ಟರೇ ಮಾತಾಡಿದರು. ಹೂವು ಬೆಳಿಗ್ಗೆ ಅರಳುವುದೋ, ಬಾಡುವುದು ಯಾವಾಗ, ಹತ್ತಿರ ಮುಖ ತಂದರೆ ಉಸಿರಿಗೆ ಅಲುಗುವುದೋ ಎಂದು ಒಂದೊಂದೇ ಕೇಳಿದರು. ಗಾನವಿ ಉತ್ತರ ಕೊಟ್ಟು ಮತ್ತೆ ಕಿಟಕಿಯ ಆಚೆ ಆಕಾಶ ನೋಡುತ್ತಿದ್ದಳು. ಆಕಾಶ ತಿಳಿಯಾಗಿತ್ತು.

ಪದವಿನ ಬುಡದಲ್ಲಿ ಕಾರು ನಿಂತಿತು. ಗಾನವಿ ಭಟ್ಟರ ಕೈ ಹಿಡಿದು ಏರು ಹತ್ತಿಸಿದಳು. ಮೇಲೆ ಬಯಲು ಕಂದು ಬಣ್ಣಕ್ಕೆ ತಿರುಗಿತ್ತು. ಕಲ್ಲಿನ ಕುಳಿಗಳಲ್ಲಿ ನೀರಿರಲಿಲ್ಲ, ಪಾಚಿ ಒಣಗಿ ಹಪ್ಪಳದಂತೆ ಎದ್ದಿತ್ತು. ಗಾನವಿ ನೆಲದ ಮೇಲೆ ಕವುಚಿ ಮಲಗಿ, ಒಂದು ಕಲ್ಲಿನ ಮರೆಯನ್ನೂ ಇನ್ನೊಂದರ ಬಿರುಕನ್ನೂ ಹುಡುಕಿದಳು. ಆಮೇಲೆ ಎದ್ದು ಕೂತಳು.

"ಮುಗಿದಿದೆ ಭಟ್ರೆ. ಬರೀ ಒಣ ದಂಟು ಉಂಟು. ಬೀಜವೂ ಉದುರಿದೆ."

"ಚೌತಿ ನಿನ್ನೆಯಲ್ಲವಾ?"

"ಚೌತಿ ನಿನ್ನೆಯೇ. ಆದರೆ ಈ ವರ್ಷ ಅಧಿಕ ಮಾಸ ಬಂದು ಚೌತಿ ತಡವಾಯಿತು. ಮಳೆ ತಡವಾಗಲಿಲ್ಲ."

ಊರವರ ಮದುವೆಗೂ ಉಪನಯನಕ್ಕೂ ದಿನ ಇಟ್ಟುಕೊಟ್ಟವರು ಭಟ್ಟರು. ಅಧಿಕ ಮಾಸ ಅವರಿಗೆ ಗೊತ್ತಿಲ್ಲದ್ದಲ್ಲ. ದೇವರ ಕೆಲಸಕ್ಕೆಲ್ಲ ಅದನ್ನು ಎಣಿಸಿದ್ದರು, ಹೂವಿಗೆ ಎಣಿಸಿರಲಿಲ್ಲ.

"ಫೋನಿನಲ್ಲಿ ನೀನು ಒಂದು ಮಾತು ಹೇಳಬಾರದಿತ್ತಾ ಮಗಾ?"

"ಹೇಳಿದೆನಲ್ಲ! ತಿಂಗಳ ಹಿಂದೆ ನೀವು ಫೋನ್ ಮಾಡಿದಾಗ ಈಗಲೇ ಹೋಗುವ ಅಂದೆ. ನೀವು ಚೌತಿಯ ಮರುದಿನವೇ ಅಂತ ಗಟ್ಟಿಯಾಗಿ ಹೇಳಿದಿರಿ. ಏನೋ ಸಂಕಲ್ಪ ಮಾಡಿಕೊಂಡಿದ್ದೀರಿ ಅಂತ ನಾನು ಸುಮ್ಮನಾದೆ."

"ಅವಳು ಹೋಗುತ್ತಿದ್ದದ್ದು ಅಂದೇ. ಪಂಚಕಜ್ಜಾಯದ ಡಬ್ಬಿ..."

"ಮೇಡಂ ಮಳೆ ನೋಡಿ ಬರುತ್ತಿದ್ದದ್ದು ಭಟ್ರೆ. ಆ ಡಬ್ಬಿ ಕೆಲವು ವರ್ಷ ಮಾತ್ರ. ಉಳಿದ ಸಲ ಎಲ್ಲ ಅವಲಕ್ಕಿ. ನಮಗೂ ಅದೇ, ಅದರಲ್ಲಿ ಖಾರ ಕಣ್ಣಲ್ಲಿ ನೀರು ಬರುವಷ್ಟು."

ಭಟ್ಟರಿಗೆ ನಗು ಬಂತು. ಅವಳು ಅವಲಕ್ಕಿ ಕಟ್ಟಿಕೊಂಡು ಹೊರಡುವ ಹೊತ್ತಿಗೆ ಅವರು ಗರ್ಭಗುಡಿಯಲ್ಲಿ ಇರುತ್ತಿದ್ದರು. ಹಬ್ಬದ ಮರುದಿನ ದೇವಸ್ಥಾನಕ್ಕೆ ತಡವಾಗಿ ಹೊರಡುತ್ತಿದ್ದ ಬೆಳಿಗ್ಗೆಗಳಲ್ಲಿ ಕಂಡದ್ದನ್ನೇ ಅವರು ಅವಳ ಕ್ರಮವೆಂದು ತಿಳಿದಿದ್ದರು.

ಹೆಗಲಿನ ಶಾಲನ್ನು ಮಡಚಿ ಕಲ್ಲಿನ ಮೇಲೆ ಹಾಕಿ ಕೂತರು. ಒಣ ದಂಟೊಂದನ್ನು ಗಾನವಿ ತೋರಿಸಿದಳು. ಕಣ್ಣಿಗೆ ಅದು ಕೂದಲಿನಂತೆ ಒಮ್ಮೆ ಕಂಡು ಒಮ್ಮೆ ಮಾಯವಾಯಿತು.

"ಬರುವ ವರ್ಷ ಶ್ರಾವಣದಲ್ಲೇ ಬರುವ" ಎಂದಳು ಗಾನವಿ.

"ಕಾಲು ಬಂದೀತು, ಕಣ್ಣು ಬರಬೇಕಲ್ಲ." ಅವರು ಗಾನವಿಯ ಕಡೆ ತಿರುಗಿ ಕೇಳಿದರು, "ನೀನು ಅದನ್ನು ಚೆನ್ನಾಗಿ ನೋಡಿದ್ದೀಯಲ್ಲ? ನನಗೆ ಹೇಳು."

ಗಾನವಿ ತರಗತಿಯಲ್ಲಿ ಹೇಳುವ ಹಾಗೆ ಇಂಗ್ಲಿಷ್ ಹೆಸರುಗಳಿಂದ ಶುರುಮಾಡಿದಳು. ಭಟ್ಟರು ಕೈಯೆತ್ತಿದರು.

"ಹಾಗಲ್ಲ. ನಮ್ಮಲ್ಲಿ ಪೂಜೆಗೆ ಮೊದಲು ಧ್ಯಾನ ಅಂತ ಉಂಟು. ಮೂರ್ತಿ ಎದುರಿಗೇ ಇದ್ದರೂ ಕಣ್ಣು ಮುಚ್ಚಬೇಕು. ಪಾದದಿಂದ ಒಂದೊಂದೇ ಅವಯವ ನೆನೆಯುತ್ತಾ ಮೇಲೆ ಬರಬೇಕು. ಅವಸರ ಮಾಡಿದರೆ ಮೂರ್ತಿ ಒಳಗೆ ನಿಲ್ಲುವುದಿಲ್ಲ. ನೀನು ಬುಡದಿಂದ ಹೇಳು."

ಅವರು ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದರು.

"ಕಲ್ಲಿನ ಬಿರುಕು" ಎಂದಳು ಗಾನವಿ. "ಅದರಲ್ಲಿ ಒಂದು ಚಿಟಿಕೆ ಮಣ್ಣು. ಅಷ್ಟೇ ಅದಕ್ಕೆ ಸಾಕು. ಬೇರು ನೂಲಿನ ಹಾಗೆ. ಎಲೆ ಸೂಜಿಯಷ್ಟು, ತುದಿ ಸ್ವಲ್ಪ ಕೆಂಪು."

"ಹೂಂ."

"ದಂಟು ಒಂದೇ. ನಿಮ್ಮ ಕಿರುಬೆರಳಿಗಿಂತ ಗಿಡ್ಡ. ನೆಟ್ಟಗೆ ಬಂದು ತುದಿಯಲ್ಲಿ ಒಂಚೂರು ಬಾಗುತ್ತದೆ."

"ಯಾವ ಕಡೆಗೆ?"

ಗಾನವಿ ಯೋಚಿಸಿದಳು. "ಗಾಳಿ ಬಂದ ಕಡೆಯಿಂದ ಆಚೆಗೆ."

ಕೆಳಗೆ ಕಾದು ಬೇಸತ್ತ ಉಮಾನಾಥ ಅಷ್ಟರಲ್ಲಿ ಮೇಲೆ ಬಂದಿದ್ದ. ಭಟ್ಟರು ಕಣ್ಣು ಮುಚ್ಚಿ ಕೂತದ್ದನ್ನು ಕಂಡು, ಇಲ್ಲಿಯೂ ಯಾವುದೋ ಪೂಜೆ ನಡೆಯುತ್ತಿದೆಯೆಂದು ತಿಳಿದು, ಚಪ್ಪಲಿ ಕಳಚಿ ದೂರವೇ ಕೈಕಟ್ಟಿ ನಿಂತ.

"ತುದಿಯಲ್ಲಿ ಹೂವು. ಎರಡು ಎಸಳು. ಮೇಲಿನದ್ದು ಚಿಕ್ಕದು, ಕೆಳಗಿನದ್ದು ಅಗಲ. ಬಣ್ಣ..."

"ತಡಿ" ಎಂದರು ಭಟ್ಟರು, ಕಣ್ಣು ತೆರೆಯದೆ. "ಬಣ್ಣ ಈಗಲೇ ಬೇಡ. ಎಸಳು ಇನ್ನೂ ನಿಲ್ಲಲಿಲ್ಲ. ದಂಟಿನಿಂದ ಇನ್ನೊಮ್ಮೆ ಬಾ."

ಗಾನವಿ ಹತ್ತಿರ ಸರಿದು ಕೂತು, ದಂಟಿನಿಂದ ಮತ್ತೆ ಹೇಳತೊಡಗಿದಳು.